ಆರ್ಡಿಸ್ ಬರೆದ ಏಳು ಕೆಲಸ

ಟೋರ್ಡಾಲ್ ಶಾಲೆಯ ಕಚೇರಿಯಲ್ಲಿ ಯಾರ ಬಗ್ಗೆ ವಿಚಾರಿಸಿದರೂ ಆರ್ಡಿಸ್ ಹೌಗನ್ ಒಂದೇ ರೀತಿಯಲ್ಲಿ ಉತ್ತರ ಕೊಡುತ್ತಿದ್ದರು. ಹದಿನೆಂಟು ವರ್ಷಗಳ ಹಿಂದೆ ವಿಜ್ಞಾನ ಕಲಿಸಲೆಂದು ಈ ಊರಿಗೆ ಬಂದ ಮೊದಲ ದಿನ, ಶಾಲಾ ಮುಖ್ಯಸ್ಥ ಮರ್ಲ್ ಕ್ವಾಮ್ ಎಂಥವರು ಎಂದು ನಾನು ಅವರನ್ನು ಕೇಳಿದ್ದೆ. "ಹಿಮ ಬಿದ್ರೆ ಬಾಗಿಲ ಮುಂದೆ ತಾನೇ ಸಲಿಕೆ ಹಿಡೀತಾನೆ. ಹುಡುಗರಿಗೆ ಫುಟ್‌ಬಾಲ್ ಕಲಿಸ್ತಾನೆ. ಹೋದ ವರ್ಷ ಅಡುಗೆಯವಳಿಗೆ ಹುಷಾರಿಲ್ದಾಗ ಎರಡು ವಾರ ಆಲೂಗಡ್ಡೆ ಬೇಯಿಸಿದ," ಎಂದರು. ಒಳ್ಳೆಯವರೋ ಕೆಟ್ಟವರೋ ಎಂದು ಹೇಳಲೇ ಇಲ್ಲ. ಒಬ್ಬರನ್ನು ಒಳ್ಳೆಯವರು ಎಂದು ಬಾಯಿಬಿಟ್ಟು ಹೊಗಳಲು ಈ ಗೋಧಿ ಬಯಲಿನ ಜನಕ್ಕೆ ಮುಜುಗರ. ಅವರು ಆ ಮನುಷ್ಯ ಮಾಡುವ ಕೆಲಸಗಳನ್ನು ಎಣಿಸುತ್ತಾರೆ. ಪಟ್ಟಿ ಉದ್ದವಾದಷ್ಟೂ ಮರ್ಯಾದೆ ಹೆಚ್ಚು. ಚರ್ಚಿನಲ್ಲಿ ಯಾರನ್ನಾದರೂ ಮಣ್ಣು ಮಾಡುವ ದಿನ ಪಾದ್ರಿ ಓದುವುದೂ ಇಂಥದೇ ಪಟ್ಟಿ.

ಹೋದ ವರ್ಷದ ಹೊತ್ತಿಗೆ ಆರ್ಡಿಸ್ ಆ ಕಚೇರಿಯನ್ನು ನೋಡಿಕೊಳ್ಳತೊಡಗಿ ಮೂವತ್ತೊಂದು ವರ್ಷವಾಗಿತ್ತು. ವಯಸ್ಸು ಅರವತ್ತಮೂರು. ಗಂಡ ತೀರಿಹೋಗಿ ಒಂಬತ್ತು ವರ್ಷವಾಗಿತ್ತು. ಅವರ ಮೇಜಿನ ಮುಂದಿನ ಕಿಟಕಿಯಿಂದ ಊರಿನ ಮುಖ್ಯ ಬೀದಿ ಪೂರ್ತಿ ಕಾಣುತ್ತಿತ್ತು. ಯಾರ ಗಾಡಿ ಎಷ್ಟು ಹೊತ್ತಿಗೆ ಯಾರ ಅಂಗಡಿ ಮುಂದೆ ನಿಂತಿತ್ತೆಂಬುದು ಅವರಿಗೆ ಬಾಯಿಪಾಠ. ಗುರುವಾರ ಚರ್ಚಿನ ನೆಲಮಾಳಿಗೆಯಲ್ಲಿ ಹೆಂಗಸರೆಲ್ಲ ಕಾಫಿಗೆ ಸೇರಿದಾಗ ವಾರದ ಸುದ್ದಿ ಹೊರಗೆ ಬರುತ್ತಿದ್ದುದು ಆರ್ಡಿಸ್ ಬಾಯಿಂದ. ಅದರಲ್ಲಿ ವಿಷ ಇರುತ್ತಿರಲಿಲ್ಲ, ಆದರೆ ಬಿಟ್ಟುಹೋದದ್ದೂ ಏನೂ ಇರುತ್ತಿರಲಿಲ್ಲ.

ನಮ್ಮದು ಎಂಬತ್ತಮೂರು ಮಕ್ಕಳ ಶಾಲೆ. ಶಿಶುವಿಹಾರದಿಂದ ಹನ್ನೆರಡನೆಯ ತರಗತಿಯವರೆಗೆ ಎಲ್ಲವೂ ಒಂದೇ ಕಟ್ಟಡದಲ್ಲಿ. ಎರಡು ವರ್ಷಗಳ ಹಿಂದೆ ಇಲ್ಲಿಗೆ ಮೊದಲ ಬಾರಿ ಮಕ್ಕಳ ಆಪ್ತ ಸಮಾಲೋಚಕಿಯೊಬ್ಬಳು ಬಂದಳು. ಹೆಸರು ಲೆನೋರಾ ಫಿಸ್ಕ್, ವಯಸ್ಸು ಇಪ್ಪತ್ತೊಂಬತ್ತು, ದಕ್ಷಿಣದ ಗಣಿ ಊರಿನವಳು. ಸಾಲ ಮಾಡಿ ಓದಿದವಳು. ಸಂಬಳದ ಮೂರನೇ ಒಂದು ಭಾಗ ಆ ಸಾಲಕ್ಕೇ ಹೋಗುತ್ತಿತ್ತು. ಅವಳು ಹೆಚ್ಚು ಮಾತಿನವಳಲ್ಲ. ನಗುವಾಗ ಮಾತ್ರ ದೊಡ್ಡದಾಗಿ ನಗುತ್ತಿದ್ದಳು. ಆ ಸದ್ದು ಎರಡು ಗೋಡೆ ದಾಟಿ ನನ್ನ ಪ್ರಯೋಗಶಾಲೆಗೆ ಬರುತ್ತಿತ್ತು.

ಮೊದಲ ಮೂರು ತಿಂಗಳು ಅವಳ ಕೋಣೆಯ ಬಾಗಿಲು ತಟ್ಟಿದವರು ನಾಲ್ಕೇ ಮಕ್ಕಳು. ಕಾರಣ ಸರಳ. ಎಂಬತ್ತಮೂರು ಮಕ್ಕಳ ಶಾಲೆಯಲ್ಲಿ ಯಾರು ಯಾವ ಬಾಗಿಲಿಗೆ ಹೋದರು ಎಂದು ಉಳಿದ ಎಂಬತ್ತೆರಡು ಮಂದಿಗೂ ಗೊತ್ತಾಗುತ್ತದೆ. ಆ ಹೊತ್ತಿಗೆ ಉತ್ತರ ದಿಕ್ಕಿನ ದಾರಿಯ ಶಾಲಾ ಬಸ್ಸು ಓಡಿಸುತ್ತಿದ್ದ ಆರ್ವಿಲ್ ನೆಸ್ ಎರಡೂ ಮಂಡಿಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ನಿವೃತ್ತನಾದ. ಚಾಲಕ ಬೇಕೆಂದು ವಾರಪತ್ರಿಕೆಯಲ್ಲಿ ಹನ್ನೊಂದು ವಾರ ಜಾಹೀರಾತು ಹಾಕಿದರೂ ಯಾರೂ ಬರಲಿಲ್ಲ. ಕೊನೆಗೆ ಲೆನೋರಾ ತಾನೇ ಪರವಾನಗಿ ಮಾಡಿಸಿಕೊಂಡು ಬಸ್ಸು ಹತ್ತಿದಳು. ಹೋಗಲು ಒಂದು ಗಂಟೆ ಇಪ್ಪತ್ತೈದು ನಿಮಿಷ, ಬರಲೂ ಅಷ್ಟೇ.

ಅಲ್ಲಿ ಅವಳಿಗೆ ಒಂದು ಸಂಗತಿ ತಿಳಿಯಿತು. ಕೊನೆಯ ಇಪ್ಪತ್ತೆರಡು ಮೈಲಿಯಲ್ಲಿ ಬಸ್ಸಿನಲ್ಲಿ ಐದು ಮಕ್ಕಳಷ್ಟೇ ಉಳಿಯುತ್ತಿದ್ದರು. ಆ ಹೊತ್ತಿನಲ್ಲಿ ಅವರು, ಕಣ್ಣಲ್ಲಿ ಕಣ್ಣಿಟ್ಟು ನೋಡಬೇಕಿಲ್ಲದ ಕಾರಣಕ್ಕೆ, ಅವಳ ಬೆನ್ನಿಗೆ ಮಾತಾಡುತ್ತಿದ್ದರು. ಮನೆಯಲ್ಲಿ ಹೇಳಲಾಗದ್ದು, ಗೆಳೆಯರಿಗೆ ಹೇಳಲಾಗದ್ದು. ಬಸ್ಸಿನಲ್ಲಿ ಮಾತಾಡಿ ಅಭ್ಯಾಸವಾದವರು ಆಮೇಲೆ ಕೋಣೆಗೂ ಬಂದರು. ಅವರನ್ನು ನೋಡಿ ಬೇರೆಯವರೂ ಬಂದರು. ಎರಡನೇ ವರ್ಷದ ಹೊತ್ತಿಗೆ ಅವಳನ್ನು ಕಾಣಲು ಮಕ್ಕಳು ಸರದಿ ಕಾಯಬೇಕಾಗಿತ್ತು.

ಆ ವರ್ಷ ರಾಜ್ಯ ಒಂದು ಯೋಜನೆ ತಂದಿತು. ದೂರದ ಶಾಲೆಗಳಲ್ಲಿ ಮಕ್ಕಳ ಮಾನಸಿಕ ಆರೋಗ್ಯಕ್ಕಾಗಿ ದುಡಿಯುವವರು ಇನ್ನೂ ಮೂರು ವರ್ಷ ಅಲ್ಲೇ ಉಳಿದರೆ ಅವರ ಓದಿನ ಸಾಲದ ಬಹುಪಾಲನ್ನು ರಾಜ್ಯವೇ ತೀರಿಸುತ್ತದೆ. ಲೆನೋರಾ ಅರ್ಜಿ ತುಂಬಿದಳು. ನಾಲ್ಕನೇ ಪುಟವನ್ನು ಶಾಲೆಯವರು ತುಂಬಬೇಕಿತ್ತು. ಮರ್ಲ್ ಎಂದಿನಂತೆ ಅದನ್ನು ಆರ್ಡಿಸ್ ಮೇಜಿಗೆ ದಾಟಿಸಿದರು.

ಆರ್ಡಿಸ್ ಆ ಪುಟವನ್ನು ಮನೆಗೆ ಒಯ್ದರು. ಲೆನೋರಾ ಎಂದರೆ ಅವರಿಗೆ ತುಂಬ ಇಷ್ಟ. ಈ ಹುಡುಗಿಗೆ ಸಹಾಯ ಸಿಗಲೇಬೇಕು ಎಂದುಕೊಂಡು, ಒಳ್ಳೆಯ ಪೆನ್ನು ಹುಡುಕಿ, ತಮಗೆ ಗೊತ್ತಿದ್ದ ರೀತಿಯಲ್ಲಿ ಅವಳನ್ನು ಹೊಗಳಿದರು. ಇತರ ಕರ್ತವ್ಯಗಳು ಎಂಬಲ್ಲಿ ಎರಡೇ ಗೆರೆ ಇತ್ತು. ಸಾಲದೆ ಬೇರೆ ಹಾಳೆ ಅಂಟಿಸಿದರು. ಸಮಾಲೋಚನೆ, ಉತ್ತರ ದಾರಿಯ ಬಸ್ಸು, ಬುಧವಾರ ಮಧ್ಯಾಹ್ನ ಊಟ ಬಡಿಸುವುದು, ಹುಡುಗಿಯರ ವಾಲಿಬಾಲ್ ಪಂದ್ಯಗಳ ಅಂಕ ಬರೆಯುವುದು, ಶಾಲೆಯ ವಾರ್ಷಿಕ ಸಂಚಿಕೆ, ಶುಕ್ರವಾರದ ಓದಿನ ಅವಧಿ, ರಜೆಯಲ್ಲಿ ಬಾಯ್ಲರಿನ ಒತ್ತಡ ನೋಡಿ ಬರುವುದು. ಒಟ್ಟು ಏಳು. ಎಲ್ಲವೂ ನಿಜ. ಅಂಚೆಗೆ ಹಾಕುವ ಮೊದಲು ನನಗೂ ಓದಿ ತೋರಿಸಿದರು. ಚೆನ್ನಾಗಿದೆ ಎಂದೆ. ಆ ತಪ್ಪಿನಲ್ಲಿ ನನ್ನ ಪಾಲೂ ಇದೆ.

ಸೆಪ್ಟೆಂಬರ್ ಇಪ್ಪತ್ತನಾಲ್ಕಕ್ಕೆ ಉತ್ತರ ಬಂತು. ಅರ್ಜಿದಾರರು ವಾರಕ್ಕೆ ಐದು ಗಂಟೆ ನಲವತ್ತಮೂರು ನಿಮಿಷ ಮಾತ್ರ ಸಮಾಲೋಚನೆ ಮಾಡುತ್ತಿರುವುದರಿಂದ ಅರ್ಜಿ ತಿರಸ್ಕೃತವಾಗಿದೆ. ಕನಿಷ್ಠ ಮೂವತ್ತೆರಡು ಗಂಟೆ ಬೇಕು. ಮೇಲ್ಮನವಿಗೆ ಅರವತ್ತು ದಿನ ಕಾಲಾವಕಾಶವಿದೆ.

ಲೆನೋರಾ ಪತ್ರವನ್ನು ಆರ್ಡಿಸ್ ಮೇಜಿನ ಮೇಲಿಟ್ಟಳು. ಆ ಅಂಕಿ ಎಲ್ಲಿಂದ ಬಂತೆಂದು ಯಾರಿಗೂ ಹೊಳೆಯಲಿಲ್ಲ. ನಾನು ಪೆನ್ಸಿಲ್ ಹಿಡಿದು ನಾಲ್ಕೈದು ರೀತಿಯಲ್ಲಿ ಲೆಕ್ಕ ಹಾಕಿದ ಮೇಲೆ ಗೊತ್ತಾಯಿತು.

"ವಾರದ ನಲವತ್ತು ಗಂಟೇನ ಏಳರಿಂದ ಭಾಗಿಸಿದ್ದಾರೆ," ಎಂದೆ. "ಏಳು ಕೆಲಸ ಅಂತ ಬರೆದಿದ್ವಲ್ಲ, ಅಲ್ಲಿ ಅರ್ಜಿ ಓದೋ ಯಂತ್ರ ಎಲ್ಲಕ್ಕೂ ಸಮಪಾಲು ಹಂಚಿದೆ."

ಆರ್ಡಿಸ್ ಪತ್ರವನ್ನು ಮತ್ತೆ ಓದಿದರು. "ಅಂದ್ರೆ ಆರು ಕೆಲಸ ಜಾಸ್ತಿ ಮಾಡ್ತಾಳೆ ಅಂತ ನಾನು ಬರೆದ್ರೆ, ಕಮ್ಮಿ ಮಾಡ್ತಾಳೆ ಅಂತ ಅವರು ಓದ್ಕೊಂಡ್ರಾ?"

ಹೌದು ಎಂದೆ. ಆರ್ಡಿಸ್ ಕಿಟಕಿಯ ಕಡೆ ತಿರುಗಿದರು. ಬೀದಿಯಲ್ಲಿ ಎರಡು ಗಾಡಿ ಹೋದವು. ಅವು ಯಾರವು ಎಂದು ಅವರು ಹೇಳಲಿಲ್ಲ.

ಲೆನೋರಾ ಯಾರನ್ನೂ ದೂರಲಿಲ್ಲ. ಆದರೆ ನೂರತೊಂಬತ್ತು ಮೈಲಿ ದೂರದ ನಗರದ ಆಸ್ಪತ್ರೆಯೊಂದು ಅವಳನ್ನು ಒಂದೂವರೆ ಪಟ್ಟು ಸಂಬಳಕ್ಕೆ ಕರೆದಿದೆ, ಡಿಸೆಂಬರ್ ಹದಿನೈದರೊಳಗೆ ಉತ್ತರ ಕೊಡಬೇಕು ಎಂದು ನಮಗೆ ಅಂದೇ ಗೊತ್ತಾಯಿತು. ಹೋಗಲು ಇಷ್ಟವಿಲ್ಲ ಎಂದಳು. ಸಾಲ ಹೀಗೇ ಇದ್ದರೆ ಇರಲು ಆಗುವುದಿಲ್ಲ ಎಂದೂ ಹೇಳಿದಳು.

ಮೇಲ್ಮನವಿಗೆ ನಿಜವಾದ ಅಂಕಿ ಬೇಕಿತ್ತು. ಎರಡು ವಾರ ಲೆನೋರಾ ಹದಿನೈದು ನಿಮಿಷಕ್ಕೊಮ್ಮೆ ತಾನು ಏನು ಮಾಡುತ್ತಿದ್ದೇನೆಂದು ಬರೆದಿಟ್ಟಳು, ನಾನು ಕೂಡಿಸಿದೆ. ಅವಳು ವಾರಕ್ಕೆ ದುಡಿಯುತ್ತಿದ್ದುದು ನಲವತ್ತಲ್ಲ, ಐವತ್ತು ಗಂಟೆ. ಅದರಲ್ಲಿ ಸಮಾಲೋಚನೆ ಇಪ್ಪತ್ತೆಂಟೂ ಕಾಲು. ಯಂತ್ರ ಹೇಳಿದ್ದರ ಸುಮಾರು ಐದು ಪಟ್ಟು. ಆದರೂ ಮೂವತ್ತೆರಡಕ್ಕೆ ಮೂರೂ ಮುಕ್ಕಾಲು ಗಂಟೆ ಕಡಿಮೆ. ಜೊತೆಗೆ, ಬೇರೆ ಕೆಲಸಗಳು ವಾರಕ್ಕೆ ನಾಲ್ಕು ಗಂಟೆ ಮೀರಬಾರದು ಎಂಬ ನಿಯಮ ಅರ್ಜಿಯ ಹಿಂದಿನ ಪುಟದಲ್ಲಿ ಸಣ್ಣ ಅಕ್ಷರದಲ್ಲಿತ್ತು. ಬಸ್ಸೊಂದೇ ಹದಿನಾಲ್ಕು ಗಂಟೆ ತಿನ್ನುತ್ತಿತ್ತು. ಅಂದರೆ ಆರ್ಡಿಸ್ ಏನೇ ಬರೆದಿದ್ದರೂ ಅರ್ಜಿ ಬಿದ್ದುಹೋಗುತ್ತಿತ್ತು. ಇದನ್ನು ಸಮಾಧಾನಕ್ಕೆಂದು ಅವರಿಗೆ ಹೇಳಿದೆ. ಅವರಿಗೆ ಸಮಾಧಾನವಾದಂತೆ ಕಾಣಲಿಲ್ಲ.

ಲೆಕ್ಕ ಮುಗಿದ ಮೇಲಿನ ಸೋಮವಾರ, ಶಾಲೆ ಬಿಟ್ಟ ಮೇಲೆ, ನಾವು ನಾಲ್ವರು ಕಚೇರಿಯಲ್ಲಿ ಕೂತೆವು. ಮರ್ಲ್ ಊಟ ಬಡಿಸುವುದನ್ನೂ ಬಾಯ್ಲರನ್ನೂ ತೆಗೆದುಕೊಂಡರು. ವಾರ್ಷಿಕ ಸಂಚಿಕೆ ಮತ್ತು ಶುಕ್ರವಾರದ ಅವಧಿ ನನಗೆ ಬಂದವು. ಅಂಕ ಬರೆಯುವುದು ಕೂತು ಮಾಡುವ ಕೆಲಸವಾದ್ದರಿಂದ ಆರ್ವಿಲ್‌ನ ಮಂಡಿಗೆ ತೊಂದರೆಯಿಲ್ಲ ಎಂದು ಅವನಿಗೆ ಫೋನಿನಲ್ಲೇ ಒಪ್ಪಿಸಿದೆವು. ಉಳಿದದ್ದು ಬಸ್ಸು. ಮರ್ಲ್ ಚಾವಣಿ ನೋಡಿದರು. ನನಗೆ ದೊಡ್ಡ ಗಾಡಿಗೆ ಬೇಕಾದಷ್ಟು ದೃಷ್ಟಿಯಿಲ್ಲ.

"ಬಸ್ಸು ನಾನು ಓಡಿಸ್ತೀನಿ," ಎಂದರು ಆರ್ಡಿಸ್.

ಮರ್ಲ್ ಮತ್ತು ಆರ್ಡಿಸ್ ಇದೇ ಶಾಲೆಯಲ್ಲಿ ಒಟ್ಟಿಗೆ ಓದಿದವರು. "ಆರ್ಡಿಸ್, ಚರ್ಚಿಗೆ ಹೋಗೋ ಅಷ್ಟು ದೂರಕ್ಕೇ ನೀನು ಎರಡು ಸಲ ಕಾರಿನ ಕನ್ನಡಿ ಮುರಿದಿದ್ದೀಯ," ಎಂದರು ಮರ್ಲ್.

"ಒಂದೇ ಸಲ. ಇನ್ನೊಂದು ನಿನ್ನ ಕಾರಿಂದು."

ಲೆನೋರಾ ನಕ್ಕಳು, ಹದಿನೈದು ದಿನಗಳ ಮೇಲೆ ಮೊದಲ ಸಲ. ಆರ್ಡಿಸ್ ಅದನ್ನು ಒಪ್ಪಿಗೆ ಎಂದೇ ತಿಳಿದು ಪರವಾನಗಿಯ ನಮೂನೆ ಹೊರಗೆ ತೆಗೆದರು. ಅದನ್ನು ಅವರು ಆಗಲೇ ತುಂಬಿಟ್ಟಿದ್ದರು.

ಕಲಿಸಿದವನು ಆರ್ವಿಲ್. ಸಂಜೆ ಐದಕ್ಕೆ ಧಾನ್ಯದ ಗೋದಾಮಿನ ಹಿಂದಿನ ಬಯಲಿನಲ್ಲಿ ಹಳದಿ ಬಸ್ಸು ಗೇಣುಗೇಣಾಗಿ ಹಿಂದಕ್ಕೆ ಸರಿಯುವುದನ್ನು ನೋಡಲು ಊರಿನ ಅರ್ಧ ಜನ ಏನಾದರೂ ನೆಪ ಹೇಳಿಕೊಂಡು ಬರುತ್ತಿದ್ದರು. ಆರ್ವಿಲ್ ಸಾಲಾಗಿ ಇಟ್ಟ ಪ್ಲಾಸ್ಟಿಕ್ ಡಬ್ಬಗಳಲ್ಲಿ ಮೊದಲ ದಿನ ಒಂಬತ್ತು ಉರುಳಿದವು. ಒಂದು ವಾರದ ಮೇಲೆ ಎರಡು. "ಇವತ್ತು ಎರಡೇ ಮಕ್ಕಳು ಸತ್ತಿದ್ದು, ಸುಧಾರಿಸ್ತಿದ್ದೀಯ," ಎಂದ ಆರ್ವಿಲ್. ಆರ್ಡಿಸ್ ಅವನ ಜೊತೆ ಒಂದು ದಿನ ಮಾತು ಬಿಟ್ಟರು. ಮೂರನೇ ವಾರ ಒಂದೂ ಉರುಳಲಿಲ್ಲ.

ಪರೀಕ್ಷೆ ಇದ್ದದ್ದು ಐವತ್ತು ಮೈಲಿ ದೂರದ ಜಿಲ್ಲಾ ಪಟ್ಟಣದಲ್ಲಿ. ಅದರ ಮೊದಲ ಭಾಗದಲ್ಲಿ ಚಾಲಕರು ಗಾಡಿಯ ಸುತ್ತ ನಡೆದು ಒಂದೊಂದು ಭಾಗವನ್ನೂ ಮುಟ್ಟಿ ತೋರಿಸಿ, ಅದು ಸರಿಯಿದೆಯೋ ಇಲ್ಲವೋ ಹೇಳಬೇಕು. ಅದಕ್ಕೆ ನಲವತ್ತು ನಿಮಿಷ. ಆರ್ಡಿಸ್ ಬಲಗಡೆಯ ಕನ್ನಡಿಯಿಂದ ಆರಂಭಿಸಿದರು. ಆ ಕನ್ನಡಿ ಯಾವ ಬಿರುಗಾಳಿಯಲ್ಲಿ ಹೋಯಿತು, ಹೊಸದನ್ನು ಯಾರು ಕೂರಿಸಿದರು, ಅವರ ಮಗಳ ಮದುವೆ ಅದೇ ವಾರ ಏಕೆ ಮುಂದಕ್ಕೆ ಹೋಯಿತು ಎಂದು ಹೇಳಿ ಮುಂದಿನ ಚಕ್ರಕ್ಕೆ ಬಂದರು. ನಲವತ್ತು ನಿಮಿಷವಾದಾಗ ಅವರಿನ್ನೂ ಹಿಂದಿನ ಬಾಗಿಲಿಗೆ ತಲುಪಿರಲಿಲ್ಲ. ಪರೀಕ್ಷಕ ಪಾಪ ಕೇಳುತ್ತಲೇ ಇದ್ದನಂತೆ. ಆಮೇಲೆ ಫೇಲ್ ಎಂದು ಬರೆದ.

ಅವರು ಬಂದು ಹೇಳಿದಾಗ ನವೆಂಬರ್ ಎಂಟು. ಮೇಲ್ಮನವಿಗೆ ಉಳಿದಿದ್ದು ಹದಿನೈದು ದಿನ. ಮತ್ತೆ ಪರೀಕ್ಷೆಗೆ ಕೂರಲು ಒಂದು ವಾರ ಕಾಯಬೇಕು. ಅವರ ಕೈಯಲ್ಲಿ ಬಸ್ಸಿನ ಬೀಗದ ಕೈ ಇತ್ತು. ಅದನ್ನು ಮೇಜಿನ ಮೇಲಿಡಲೂ ಮನಸ್ಸಿಲ್ಲದವರಂತೆ ನಿಂತಿದ್ದರು. ನಾನು ಕಲಿಸುವ ಪ್ರಯೋಗದ ಪುಸ್ತಕದಲ್ಲಿ ಮಕ್ಕಳಿಗೆ ಹಾಕಿದ ನಿಯಮ ಒಂದಿದೆ: ಕಂಡದ್ದನ್ನು ಬರೆ, ಕೇಳಿದ್ದಕ್ಕೆ ಉತ್ತರ ಕೊಡು, ಅಲ್ಲಿಗೆ ನಿಲ್ಲಿಸು. ಅದನ್ನು ಅವರಿಗೆ ಹೇಳಿದೆ.

"ನಿಲ್ಲಿಸೋದೇ ಕಷ್ಟ ಕಣಪ್ಪ," ಎಂದರು ಆರ್ಡಿಸ್.

ಒಂದು ವಾರ ಅವರು ಅದನ್ನೇ ಅಭ್ಯಾಸ ಮಾಡಿದರು. ಪಠ್ಯಪುಸ್ತಕ ಬಂತೇ ಎಂದು ಕೇಳಿದರೆ "ಬಂತು" ಎನ್ನುತ್ತಿದ್ದರು. ತುಟಿ ಇನ್ನೇನೋ ಹೇಳಲು ಹೊರಟು ಅಲ್ಲೇ ನಿಲ್ಲುತ್ತಿತ್ತು. ಮರ್ಲ್‌ಗೆ ಗಾಬರಿಯಾಗಿ, ಆರ್ಡಿಸ್‌ಗೆ ಏನಾದರೂ ಕಾಯಿಲೆಯೇ ಎಂದು ನನ್ನನ್ನು ಕೇಳಿದರು. ನವೆಂಬರ್ ಹದಿನೈದರಂದು ಗಾಡಿಯ ಸುತ್ತಿನ ನಡಿಗೆಯನ್ನು ಅವರು ಇಪ್ಪತ್ತಾರು ನಿಮಿಷದಲ್ಲಿ ಮುಗಿಸಿದರು. ಓಡಿಸುವ ಭಾಗದಲ್ಲಿ ಒಂದೇ ಅಂಕ ಹೋಯಿತು. ಆ ಮದುವೆ ಕೊನೆಗೆ ಆಯಿತೋ ಇಲ್ಲವೋ ಎಂದು ಪರೀಕ್ಷಕನೇ ಕೇಳಿದನಂತೆ. ಪರವಾನಗಿ ಕೈಗೆ ಬಂದ ಮೇಲಷ್ಟೇ ಆರ್ಡಿಸ್ ಅದನ್ನು ಹೇಳಿದರಂತೆ.

ಇನ್ನೊಂದು ತೊಡಕಿತ್ತು. ತಾನು ಬಸ್ಸು ಓಡಿಸುವುದನ್ನು ಬಿಟ್ಟರೆ ಆ ಐದು ಮಕ್ಕಳು ಮತ್ತೆ ಬಾಯಿ ಮುಚ್ಚುತ್ತಾರೆ ಎಂದು ಲೆನೋರಾಗೆ ಭಯ. ಹಾಗಾಗಿ ವಾರಕ್ಕೆ ಮೂರು ಸಂಜೆ ಅವಳೂ ಬಸ್ಸಿನಲ್ಲೇ ಹೋಗಿ, ಕೊನೆಯ ಇಪ್ಪತ್ತೆರಡು ಮೈಲಿ ಹಿಂದಿನ ಸೀಟಿನಲ್ಲಿ ಕೂರುವುದು, ಮಾತಾಡಬೇಕೆನಿಸಿದ ಮಗು ಅವಳ ಮುಂದಿನ ಸೀಟಿನಲ್ಲಿ ಬೆನ್ನು ಮಾಡಿ ಕೂರುವುದು, ಉಳಿದವರು ಮುಂದೆ ಇರುವುದು ಎಂದು ಗೊತ್ತುಮಾಡಿದೆವು. ಮನೆಯವರೆಲ್ಲ ಒಪ್ಪಿ ಸಹಿ ಹಾಕಿದರು. ಆದರೆ ಸಮಾಲೋಚನೆಯ ಮಾತು ಬೇರೆಯವರ ಕಿವಿಗೆ ಬೀಳಬಾರದು ಎಂಬುದು ನಿಯಮ. ಚಾಲಕಿಯ ಸೀಟಿನಲ್ಲಿ ಇರುವುದು ಆರ್ಡಿಸ್ ಕಿವಿ.

ಅಳೆದು ನೋಡಿದೆವು. ಶನಿವಾರ ಆರ್ಡಿಸ್ ಖಾಲಿ ಬಸ್ಸು ಓಡಿಸಿದರು, ಲೆನೋರಾ ಹಿಂದೆ ಕೂತು ವಾರಪತ್ರಿಕೆಯ ದನದ ಬೆಲೆ ಓದಿದಳು, ನಾನು ಚಾಲಕಿಯ ಪಕ್ಕ ನಿಂತು ಕೇಳಿದ್ದನ್ನು ಬರೆದುಕೊಂಡೆ. ಜಲ್ಲಿ ರಸ್ತೆಯಲ್ಲಿ, ಬಿಸಿಗಾಳಿಯ ಫ್ಯಾನು ಓಡುತ್ತಿರುವಾಗ, ಗಂಟೆಗೆ ಮೂವತ್ತು ಮೈಲಿ ದಾಟಿದರೆ ಒಂದು ಪದವೂ ಕೇಳಿಸುವುದಿಲ್ಲ. ಬಸ್ಸು ನಿಂತಾಗ ಎಲ್ಲವೂ ಕೇಳಿಸುತ್ತದೆ. ಆದ್ದರಿಂದ ನಿಲ್ಲಿಸುವ ಮೊದಲು ಆರ್ಡಿಸ್ ಒಂದು ಸಣ್ಣ ಗಂಟೆ ಬಾರಿಸುವುದು, ಮಾತು ಅಲ್ಲಿಗೆ ನಿಲ್ಲುವುದು. ಗಂಟೆ ತಂದವನು ಆರ್ವಿಲ್. ಅದು ಅವನ ಹಳೆಯ ಹಸುವಿನ ಕೊರಳದ್ದು. ಕೇಳಿದ್ದನ್ನು ಯಾರಿಗೂ ಹೇಳುವುದಿಲ್ಲ ಎಂಬ ಕಾಗದಕ್ಕೆ ಆರ್ಡಿಸ್ ಮೂರು ಸಲ ಓದಿ ಸಹಿ ಮಾಡಿದರು.

ಮೇಲ್ಮನವಿ ನವೆಂಬರ್ ಇಪ್ಪತ್ತೊಂದಕ್ಕೆ ಹೋಯಿತು. ಡಿಸೆಂಬರ್ ಮೊದಲ ವಾರ ರಾಜಧಾನಿಯ ಕಚೇರಿಯಿಂದ ಡೆಲ್ಫೀನ್ ಮ್ಯಾಕೆ ಎಂಬಾಕೆ ಫೋನ್ ಮಾಡಿದರು. ಮರ್ಲ್ ಊಟ ಬಡಿಸುತ್ತಿದ್ದರು. ಫೋನು ಎತ್ತಿದ್ದು ಆರ್ಡಿಸ್. ನಾನು ಹಾಜರಿ ಪುಸ್ತಕ ಕೊಡಲು ಹೋದವನು ಬಾಗಿಲಲ್ಲೇ ನಿಂತೆ. ಆ ಕಡೆಯವರು ಧ್ವನಿ ದೊಡ್ಡದು ಮಾಡಿ ಮಾತಾಡುವವರು. ಎರಡೂ ಕಡೆಯದು ಕೇಳಿಸುತ್ತಿತ್ತು.

"ಮಿಸ್ ಫಿಸ್ಕ್ ಈಗ ಬಸ್ಸು ಓಡಿಸ್ತಾರಾ?"

"ಇಲ್ಲ."

"ಮತ್ತೆ ಯಾರು ಓಡಿಸ್ತಾರೆ?"

"ನಾನು."

"ನೀವು ಯಾರು ಮೇಡಂ?"

"ಆ ಏಳು ಕೆಲಸ ಬರೆದವಳು."

ಆ ಕಡೆ ಹಾಳೆ ತಿರುವಿದ ಸದ್ದಾಯಿತು. ಆಮೇಲೆ ಡೆಲ್ಫೀನ್ ಮ್ಯಾಕೆ, ಆ ಹಾಳೆಯನ್ನು ತಮ್ಮ ಕಚೇರಿಯಲ್ಲಿ ಎಲ್ಲರೂ ಓದಿದ್ದಾರೆ ಎಂದರು. ಮಕ್ಕಳು ಬಸ್ಸಿನಲ್ಲಿ ಏನು ಮಾತಾಡುತ್ತಾರೆ, ಅದರಿಂದ ಪ್ರಯೋಜನ ಆಗುತ್ತಿದೆಯೇ ಎಂದೂ ಕೇಳಿದರು. ಆರ್ಡಿಸ್ ಕೈ ಫೋನಿನ ತಂತಿಯನ್ನು ಎರಡು ಸುತ್ತು ಸುತ್ತಿತು. "ಏನು ಮಾತಾಡ್ತಾರೆ ಅನ್ನೋದು ನಂಗೆ ಕೇಳ್ಸಲ್ಲ. ಹತ್ತುವಾಗ ಮುಖ ಹೇಗಿರುತ್ತೆ, ಇಳಿಯುವಾಗ ಹೇಗಿರುತ್ತೆ ಅಂತ ಕನ್ನಡಿಯಲ್ಲಿ ಕಾಣ್ಸುತ್ತೆ," ಎಂದರು. ಅಲ್ಲಿಗೆ ನಿಲ್ಲಿಸಿದರು.

ಕೇಳಿಸುವುದಿಲ್ಲ ಎಂಬುದು ಪೂರ್ತಿ ನಿಜವಲ್ಲ. ಒಂದು ಸಲ, ಗಂಟೆ ಬಾರಿಸುವುದು ತಡವಾಗಿ, ಅರ್ಧ ವಾಕ್ಯ ಕಿವಿಗೆ ಬಿದ್ದಿತ್ತು. ಅದನ್ನು ಆರ್ಡಿಸ್ ಅಂದೇ ಲೆನೋರಾ ಎದುರು ಒಪ್ಪಿಕೊಂಡರು. ಆ ಗುರುವಾರ ಚರ್ಚಿನ ಕಾಫಿಯಲ್ಲಿ ಹೆಂಗಸರು ಉತ್ತರದ ಕಡೆ ಏನು ಸಮಾಚಾರ ಎಂದು ಅವರನ್ನು ಸುತ್ತುವರಿದರು. "ರಸ್ತೆ ಒಣಗಿದೆ," ಎಂದರು ಆರ್ಡಿಸ್. ಮುಂದಿನ ಗುರುವಾರ ಹಿಮ ಬಿದ್ದಿತ್ತು. "ರಸ್ತೆ ಜಾರುತ್ತೆ," ಎಂದರು. ಸುದ್ದಿಯೇ ಇಲ್ಲದೆ ಕಾಫಿ ಬೇಗ ಮುಗಿಯುತ್ತಿದೆ ಎಂದು ಪಾದ್ರಿಯ ಹೆಂಡತಿ ದೂರಿದರಂತೆ. ಆ ಅರ್ಧ ವಾಕ್ಯ ಏನೆಂದು ನನಗೂ ಗೊತ್ತಿಲ್ಲ.

ಡಿಸೆಂಬರ್ ಹನ್ನೊಂದಕ್ಕೆ ಪತ್ರ ಬಂತು. ಹೊಸ ಏರ್ಪಾಡಿನ ಮೇಲೆ ಲೆನೋರಾ ಎರಡನೇ ಸಲ ಬರೆದಿಟ್ಟು ಕಳಿಸಿದ ಲೆಕ್ಕದಲ್ಲಿ ಸಮಾಲೋಚನೆ ಮೂವತ್ತೇಳೂವರೆ ಗಂಟೆ ಬಂದಿತ್ತು, ಅರ್ಜಿ ಮಂಜೂರಾಗಿತ್ತು. ಲೆನೋರಾ ಅದನ್ನು ಕಚೇರಿಯಲ್ಲಿ ನಿಂತೇ ಓದಿದಳು. ಆಮೇಲೆ ಆಸ್ಪತ್ರೆಗೆ ಫೋನ್ ಮಾಡಿ, ಬರುವುದಿಲ್ಲ, ಇಲ್ಲಿ ಇನ್ನೂ ಮೂರು ವರ್ಷ ಇದೆ ಎಂದು ಹೇಳಿದಳು. ಫೋನಿಟ್ಟು ನಕ್ಕ ನಗುವಿಗೆ ಮೂರನೇ ತರಗತಿಯ ಮಕ್ಕಳು ಕಾರಿಡಾರಿಗೆ ಬಂದು ನೋಡಿದರು. ಮರ್ಲ್ ಏಪ್ರನ್ನಿನಲ್ಲೇ ಓಡಿಬಂದರು. ಆರ್ಡಿಸ್ ಬೇಸಿಗೆಯಿಂದ ಫ್ರೀಜರಿನಲ್ಲಿಟ್ಟಿದ್ದ ಸೇಬಿನ ಕಡುಬನ್ನು ಬೆಳಗ್ಗೆಯೇ ತಂದು ಒಲೆಯ ಪಕ್ಕ ಇಟ್ಟಿದ್ದರು. ಅಂಚೆ ಕಚೇರಿಯ ಕಿಟಕಿಯೂ ಅವರ ಮೇಜಿನಿಂದ ಕಾಣುತ್ತದೆ. ಹಿಂದಿನ ಮಧ್ಯಾಹ್ನ ರಾಜ್ಯದ ಮುದ್ರೆಯ ದೊಡ್ಡ ಲಕೋಟೆ ಬಂದದ್ದು ಅವರಿಗೆ ತಿಳಿದಿತ್ತು, ದಪ್ಪ ಲಕೋಟೆ ಎಂದರೆ ಒಳ್ಳೆಯ ಸುದ್ದಿ ಎಂಬುದೂ ಗೊತ್ತಿತ್ತು. ಯಾರಿಗೂ ಹೇಳಿರಲಿಲ್ಲ.

ಸಹಾಯ ಮುಂದುವರಿಯಲು ಪ್ರತಿ ವರ್ಷ ಆಗಸ್ಟಿನಲ್ಲಿ ಅದೇ ನಾಲ್ಕನೇ ಪುಟವನ್ನು ಮತ್ತೆ ತುಂಬಿ ಕಳಿಸಬೇಕು. ಈ ಆಗಸ್ಟಿನಲ್ಲಿ ಆರ್ಡಿಸ್ ಅದನ್ನು ತುಂಬುವಾಗ ನಾನು ಎದುರಿಗಿದ್ದೆ. ಇತರ ಕರ್ತವ್ಯಗಳು ಎಂಬಲ್ಲಿಗೆ ಬಂದು ಪೆನ್ನು ನಿಂತಿತು.

"ಇಲ್ಲ ಅಂತಾನೇ ಬರೀಬೇಕಾ?" ಎಂದರು.

ಹೌದು ಎಂದೆ.

"ಮೂವತ್ತೆರಡು ವರ್ಷದಲ್ಲಿ ಒಬ್ರ ಬಗ್ಗೇನೂ ಇಷ್ಟು ಕೆಟ್ಟದಾಗಿ ಬರೆದಿರಲಿಲ್ಲ."

ಆದರೂ ಬರೆದರು. ಅಕ್ಷರ ಸಣ್ಣದಾಗಿತ್ತು, ಲೆನೋರಾ ನೋಡಿದರೆ ನೊಂದುಕೊಳ್ಳುತ್ತಾಳೆ ಎನ್ನುವ ಹಾಗೆ. ಪುಟದ ಕೊನೆಯಲ್ಲಿ ಸಹಿ ಮಾಡುವವರ ಹುದ್ದೆ ಕೇಳಿದ್ದರು. ಅಲ್ಲಿ ಗೆರೆ ಒಂದೇ ಇತ್ತು. ಆರ್ಡಿಸ್ ದೊಡ್ಡ ಅಕ್ಷರದಲ್ಲಿ ಕಚೇರಿ ಗುಮಾಸ್ತೆ ಎಂದು ಬರೆದು, ಅಲ್ಪವಿರಾಮ ಹಾಕಿ, ಬಸ್ ಚಾಲಕಿ, ಉತ್ತರ ದಾರಿ ಎಂದು ಸೇರಿಸಿದರು. ನಾನು ಕೆಮ್ಮಿದೆ.

"ಇದನ್ನ ಯಂತ್ರ ಭಾಗಿಸಲ್ಲ ತಾನೆ?"

ಇಲ್ಲ ಎಂದೆ. ಅವರು ಲಕೋಟೆಗೆ ಅಂಚೆಚೀಟಿ ಹಚ್ಚಿ, ಕೊಕ್ಕೆಯಿಂದ ಬೀಗದ ಕೈ ತೆಗೆದುಕೊಂಡು, ಚಕ್ರಗಳ ಗಾಳಿ ನೋಡಲು ಹೊರಟರು.